ಬೋರ್ಡಿಂಗಿನ ಗೇಟಿನಲ್ಲಿ ತೆಗೆದ ಫೋಟೋ

ಅವಾಲಿಯ ಆ ದೊರೆಸಾನಿ ಮಾಡುತ್ತಿದ್ದ ನಿಂಬೆಹಣ್ಣಿನ ಕೇಕ್ ಬಹಳ ಚೆನ್ನಾಗಿರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ಬಗ್ಗೆ ನನ್ನ ಬಾಯಿಂದ ಒಳ್ಳೆಯ ಮಾತು ಹೆಚ್ಚು ಬರಲಿಕ್ಕಿಲ್ಲ. ಇಷ್ಟು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ. ಇಳಿಯಬೇಕೆಂದು ನಾನು ಪ್ರಾರ್ಥನೆ ಮಾಡಿದವಳೂ ಅಲ್ಲ.

ನಾವು ಆಗ ಬಹರೈನಿನ ಜಿಂಜ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಸೌದಿಗೆ ಹೋಗುವ ಸೇತುವೆಯ ಕಂಬಗಳು ಸಮುದ್ರದಲ್ಲಿ ಆಗಷ್ಟೇ ಏಳುತ್ತಿದ್ದ ಕಾಲ. ನನ್ನ ಗಂಡ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಸ್ಟೋರ್‌ಕೀಪರ್. ನಾನು ಬಂದರಿಗೆ ಬರುವ ಹಡಗುಗಳಿಗೆ ಅಕ್ಕಿ, ಹಗ್ಗ, ಸಾಬೂನು ಎಲ್ಲ ಪೂರೈಸುವ ಒಂದು ಕಂಪನಿಯಲ್ಲಿ ಟೈಪಿಸ್ಟ್. ಅಲ್ಲಿ ರಜೆ ಶುಕ್ರವಾರ, ಹಾಗಾಗಿ ಇಗರ್ಜಿಯೂ ಶುಕ್ರವಾರವೇ. ಊರಿನಲ್ಲಿ ಭಾನುವಾರಕ್ಕೆ ಒಗ್ಗಿಹೋಗಿದ್ದ ನನಗೆ ಶುಕ್ರವಾರದ ಆರಾಧನೆ ಮೊದಮೊದಲು ಬೇರೆಯವರ ಚಪ್ಪಲಿ ಹಾಕಿಕೊಂಡ ಹಾಗೆ ಅನಿಸುತ್ತಿತ್ತು.

ದೊರೆಸಾನಿಯ ಪರಿಚಯ ಆದದ್ದು ಆ ಇಗರ್ಜಿಯಲ್ಲಿಯೇ. ಎಣ್ಣೆ ಕಂಪನಿ ತನ್ನವರಿಗೆಂದೇ ಕಟ್ಟಿಸಿದ ಅವಾಲಿ ಊರಿನಲ್ಲಿದ್ದ ಇಂಜಿನಿಯರರ ಹೆಂಡತಿ, ಐವತ್ತು ದಾಟಿದ, ನೆಟ್ಟಗೆ ನಡೆಯುವ ಇಂಗ್ಲಿಷ್ ಹೆಂಗಸು. ಬಡದೇಶಗಳ ಮಕ್ಕಳಿಗೆ ಊಟ, ಬಟ್ಟೆ, ಶಾಲೆ ಕೊಡಿಸುವ ಒಂದು ಕ್ರೈಸ್ತ ಸಂಸ್ಥೆಯ ಅಲ್ಲಿನ ಕೆಲಸವನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಇಲ್ಲಿ ಒಬ್ಬೊಬ್ಬರು ದೂರದ ಒಂದೊಂದು ಮಗುವಿನ ಖರ್ಚು ವಹಿಸಿಕೊಳ್ಳುವುದು, ಅಲ್ಲಿಂದ ಆ ಮಗುವಿನ ಫೋಟೋ ಮತ್ತು ಕಾಗದ ಬರುವುದು, ಹೀಗೆ. ತಿಂಗಳಿಗೊಮ್ಮೆ ಎರಡು ಪುಟದ ಪತ್ರಿಕೆಯೊಂದನ್ನು ಹಂಚುತ್ತಿದ್ದರು. ಅದನ್ನು ಸ್ಟೆನ್ಸಿಲ್ ಮೇಲೆ ಟೈಪ್ ಮಾಡುವುದು ನನ್ನ ಕೆಲಸ. ಇಗರ್ಜಿಯ ಹಿಂದಿನ ಕೋಣೆಯಲ್ಲಿದ್ದ, ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸುವುದೂ ನಾನೇ. ಬೆರಳಿಗೆ ಹಿಡಿದ ಮಸಿ ಮೂರು ದಿನ ಹೋಗುತ್ತಿರಲಿಲ್ಲ. ಯಾರೂ ಕೇಳದೆ ನಾನಾಗಿಯೇ ಒಪ್ಪಿಕೊಂಡ ಕೆಲಸ ಅದು, ಖುಷಿಯಿಂದಲೇ ಮಾಡುತ್ತಿದ್ದೆ.

ಯಾಕೆಂದರೆ ಅಂಥ ಕಾಗದ ಬರೆಯುವ ಮಕ್ಕಳಲ್ಲಿ ನಾನೂ ಒಬ್ಬಳಾಗಿದ್ದೆ.

ನನಗೆ ಆರು ವರ್ಷವಿರುವಾಗ ಅಪ್ಪ ಹೆಂಚು ಸಾಗಿಸುವ ಮಂಜಿ ಹಡಗು ಹತ್ತಿ ಮಲಬಾರಿನ ಕಡೆ ಹೋದವನು ವಾಪಸು ಬರಲಿಲ್ಲ. ಮುಳುಗಿ ಸತ್ತನೆಂದು ಅಳುವ ಭಾಗ್ಯವೂ ಇರಲಿಲ್ಲ. ಕಣ್ಣೂರಿನಲ್ಲಿ ನೋಡಿದೆ, ಇನ್ನೊಂದು ಸಂಸಾರ ಉಂಟಂತೆ ಎಂದು ಯಾರೋ ಬಂದು ಹೇಳಿಹೋದರು. ಅಮ್ಮ ಹೆಂಚಿನ ಕಾರ್ಖಾನೆಯಲ್ಲಿ ಹಸಿ ಮಣ್ಣು ಹೊರುತ್ತಿದ್ದಳು. ಬೆಳಿಗ್ಗೆ ಕತ್ತಲಿರುವಾಗ ಹೋಗಿ ಸಂಜೆ ಬರುವವಳು, ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಸಭೆಯ ಅಯ್ಯನವರು, ಎಂದರೆ ನಮ್ಮ ಪಾದ್ರಿ, ಹೇಳಿ ಮಿಷನ್ ಬೋರ್ಡಿಂಗಿನಲ್ಲಿ ಒಂದು ಜಾಗ ಮಾಡಿಸಿಕೊಟ್ಟರು. ಎರಡು ಹೊತ್ತು ಗಂಜಿ, ಒಂದು ಹೊತ್ತು ಅನ್ನ, ವರ್ಷಕ್ಕೆ ಎರಡು ಲಂಗ. ಸಮುದ್ರದಾಚೆಯ ಯಾರೋ ದಂಪತಿ ನನ್ನ ಹೆಸರಿಗೆ ಖರ್ಚು ಕಳಿಸುತ್ತಿದ್ದರು. ಅವರ ಮುಖ ನಾನು ನೋಡಿಲ್ಲ, ಅವರ ಅನ್ನ ತಿಂದದ್ದು ಸುಳ್ಳಲ್ಲ. ಟೈಪಿಂಗ್ ಕಲಿತದ್ದೂ ಅಲ್ಲಿಯೇ, ಅದೇ ನನ್ನನ್ನು ಬಹರೈನಿಗೆ ತಂದದ್ದು.

ಆ ದಂಪತಿಗೆ ನಾವು ಬರೆಯುತ್ತಿದ್ದ ಕಾಗದದ ವಿಷಯ ನೆನೆದರೆ ಈಗಲೂ ನಗು ಬರುತ್ತದೆ. ಟೀಚರಮ್ಮ ಕರಿಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ನಾವು ನಲವತ್ತು ಮಕ್ಕಳು ಅದನ್ನು ನೋಡಿ ಇಳಿಸಿಕೊಳ್ಳುತ್ತಿದ್ದೆವು. ನಾನು ಕ್ಷೇಮ, ನಿಮ್ಮ ದಯೆಗೆ ವಂದನೆ, ಇಲ್ಲಿ ಒಳ್ಳೆಯ ಮಳೆಯಾಗುತ್ತಿದೆ. ಒಂದು ವರ್ಷ ಆ ಹಲಗೆಯನ್ನು ಒರೆಸಲು ಮರೆತರೋ ಏನೋ, ಏಪ್ರಿಲ್ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಮಳೆಯಾಗುತ್ತಿದೆ ಎಂದೇ ಬರೆದು ಕಳಿಸಿದ್ದೆವು. ಅಲ್ಲಿ ಓದಿದವರಿಗೆ ಪಾಪ, ನಮ್ಮೂರಿನಲ್ಲಿ ಮಳೆ ನಿಲ್ಲುವುದೇ ಇಲ್ಲ ಅನಿಸಿರಬೇಕು.

ತಂದೆತಾಯಿಗಳು ತಿಂಗಳ ಮೊದಲ ಭಾನುವಾರ ಮಾತ್ರ ಒಳಗೆ ಬರಬಹುದು ಎಂಬುದು ಬೋರ್ಡಿಂಗಿನ ನಿಯಮ. ಅಮ್ಮ ಪ್ರತಿ ಭಾನುವಾರ ಬರುತ್ತಿದ್ದಳು. ಆರಾಧನೆ ಮುಗಿಸಿ, ಒಂದೂವರೆ ಗಂಟೆ ನಡೆದು ಬಂದು, ಗೇಟಿನ ಹೊರಗೆ ನಿಲ್ಲುತ್ತಿದ್ದಳು. ಊಟದ ಗಂಟೆ ಬಾರಿಸುವವರೆಗೆ ನಾನು ಒಳಗೆ, ಅವಳು ಹೊರಗೆ. ಸರಳಿನ ಸಂದಿಯಿಂದ ಬಾಳೆಲೆಯಲ್ಲಿ ಕಟ್ಟಿದ ಬೇಯಿಸಿದ ಗೆಣಸೋ, ತಣ್ಣಗಾದ ಪುಂಡಿ ಕಡುಬೋ ನನ್ನ ಕೈಗೆ ಬರುತ್ತಿತ್ತು. ಮೇಟ್ರನ್ ನೋಡಿಯೂ ನೋಡದ ಹಾಗೆ ಒಳಗೆ ಹೋಗುತ್ತಿದ್ದರು. ಒಂಬತ್ತು ವರ್ಷ ಅಮ್ಮ ಹೀಗೆ ಬಂದಳು. ಜ್ವರ ಬಂದ ಒಂದೆರಡು ವಾರ ಬಿಟ್ಟರೆ ತಪ್ಪಿಸಿದ್ದು ನನಗೆ ನೆನಪಿಲ್ಲ.

ಪರದೇಶದವರಿಗೆ ಕಳಿಸಲು ಫೋಟೋ ತೆಗೆಯುವವನು ಪೇಟೆಯಿಂದ ಬಂದದ್ದೂ ಒಂದು ಭಾನುವಾರವೇ. ಗೇಟಿನ ಬಳಿ ಬೆಳಕು ಚೆನ್ನಾಗಿದೆ ಎಂದು ಅಲ್ಲಿ ನಮ್ಮನ್ನು ಒಬ್ಬೊಬ್ಬರನ್ನೇ ನಿಲ್ಲಿಸಿದ. ಅಮ್ಮ ಬಂದಿದ್ದಳು, ಗೇಟು ತೆರೆದಿತ್ತು. ನನ್ನ ತಲೆ ಬಾಚಿ, ಸೆರಗಿನಿಂದ ಮುಖ ಒರೆಸಿ, ಪಕ್ಕದಲ್ಲೇ ನಿಂತಳು. ಮಗು ಒಂದೇ ಇರಬೇಕು, ನೀವು ಆಚೆ ಸರಿಯಿರಿ ಎಂದ ಅವನು. ಅಮ್ಮ ಸರಿದಳು. ಆ ಕಪ್ಪು ಡಬ್ಬಿ ನೋಡಿ ನಾನು ಅಳುವ ಮುಖ ಮಾಡಿದೆನೆಂದು ಕೈಯೊಂದನ್ನು ಮಾತ್ರ ನನ್ನ ಹೆಗಲ ಮೇಲೆ ಬಿಟ್ಟಳು. ಹಾಗಾಗಿ ಫೋಟೋದಲ್ಲಿ ನಾನಿದ್ದೇನೆ, ನನ್ನ ಎಡ ಹೆಗಲ ಮೇಲೆ ನಾಲ್ಕು ಬೆರಳು, ಒಂದು ಗಾಜಿನ ಬಳೆ ಇದೆ. ಅದರ ಒಂದು ಪ್ರತಿಯನ್ನು ಮೇಟ್ರನ್ ಅಮ್ಮನಿಗೆ ಕೊಟ್ಟಿದ್ದರು. ನಾನು ಬಹರೈನಿಗೆ ಹೊರಟಾಗ ಅದನ್ನು ಬೈಬಲಿನೊಳಗಿಟ್ಟು, “ಇದು ನಿನ್ನ ಹತ್ತಿರ ಇರಲಿ ಮಗಾ” ಎಂದು ಕೊಟ್ಟಳು.

ಇದೆಲ್ಲವನ್ನೂ ನಾನು ದೊರೆಸಾನಿಗೆ ಹೇಳಿದೆ. ಅದೇ ನಾನು ಮಾಡಿದ ಮೊದಲ ತಪ್ಪು.

ಡಿಸೆಂಬರ್ ತಿಂಗಳು, ಹಗುರವಾದ ಚಳಿ. ಟೈಪ್ ಮಾಡಬೇಕಾದ ಕಾಗದಗಳನ್ನು ತರಲು ಅವಾಲಿಗೆ ಹೋಗಿದ್ದೆ. ಮರಳಿನ ನಡುವೆ ಒಮ್ಮೆಲೇ ಹುಲ್ಲು, ಹೂವಿನ ಬೇಲಿ, ಒಂದೇ ತರದ ಬಿಳಿ ಮನೆಗಳು. ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿ, ಚಹಾ ಕೊಟ್ಟು, “ಈ ಕೆಲಸದ ಮೇಲೆ ನಿನಗೆ ಯಾಕೆ ಇಷ್ಟು ಪ್ರೀತಿ?” ಎಂದು ಕೇಳಿದರು. ಹಾಗೆ ಕುರ್ಚಿ ಎಳೆದುಕೊಂಡು ಎದುರು ಕೂತು ನನ್ನ ವಿಷಯ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ನನ್ನ ಗಂಡನಿಗೂ ನಾನು ಪೂರ್ತಿ ಹೇಳಿರಲಿಲ್ಲ. ಬ್ಯಾಗಿನಲ್ಲಿದ್ದ ಬೈಬಲಿನಿಂದ ಫೋಟೋ ತೆಗೆದು ತೋರಿಸಿದೆ. “ಇದು ಅಮ್ಮನ ಕೈ” ಎಂದೆ. ಅವರ ಕಣ್ಣು ತುಂಬಿತು. ಅದು ನಾಟಕವಲ್ಲ ಎಂದು ಈಗಲೂ ನಂಬುತ್ತೇನೆ, ನನ್ನನ್ನು ಹೆಚ್ಚು ಉರಿಸುವುದೂ ಅದೇ.

“ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಬಹುದಾ?” ಎಂದು ಕೇಳಿದರು.

ನಾನು ಉಬ್ಬಿಹೋದೆ. “ಹಾಕಿ ಮೇಡಂ. ಅಮ್ಮ ಪ್ರತಿ ಭಾನುವಾರ ಬರುತ್ತಿದ್ದದ್ದನ್ನು ಮರೆಯದೆ ಹಾಕಿ” ಎಂದೆ. ಹೆಂಚಿನ ಕಾರ್ಖಾನೆಯ ನನ್ನ ಅಮ್ಮನ ವಿಷಯ ಅವಾಲಿಯ ಬಿಳಿ ಮನೆಗಳಲ್ಲಿ ಓದುತ್ತಾರೆ! ಫೋಟೋವನ್ನೂ ಅಲ್ಲೇ ಬಿಟ್ಟುಬಂದೆ.

ಮುಂದಿನ ತಿಂಗಳು ಅವರು ನನಗೆ ಟೈಪಿಂಗ್ ಕೊಡಲಿಲ್ಲ. “ಈ ಸಲ ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸುತ್ತಿದ್ದೇವೆ, ನೀನು ವಿಶ್ರಾಂತಿ ತೆಗೆದುಕೋ” ಎಂದರು. ಪಾಪ, ನನ್ನ ಬೆರಳಿನ ಮಸಿ ನೋಡಿ ಮರುಕ ಬಂತು ಅಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಆ ಪತ್ರಿಕೆ ಬಂದ ಶುಕ್ರವಾರ ಆರಾಧನೆಯ ನಂತರ ಹಾಲ್‌ನಲ್ಲಿ ಎಲ್ಲರೂ ಸೇರಿದ್ದರು. ಅವಾಲಿಯಿಂದ ತುಂಬ ಜನ ಬಂದಿದ್ದರು, ನಮ್ಮ ಕಡೆಯವರೂ ಮಲಯಾಳಿಗಳೂ ಹಿಂದಿನ ಕುರ್ಚಿಗಳಲ್ಲಿದ್ದರು. ದೊರೆಸಾನಿ ಹೊಸ ಪತ್ರಿಕೆಯನ್ನು ಹಿಡಿದು ಓದಿದರು. ಅವರ ಓದು ಬಹಳ ಚೆನ್ನ, ನಿಧಾನ, ಒಂದೊಂದು ಶಬ್ದವೂ ಸ್ಪಷ್ಟ.

ಇಂಡಿಯಾದ ಪಶ್ಚಿಮ ಕರಾವಳಿಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳಿದ್ದಳು. ಒಂದು ದಿನ ಅವಳ ತಾಯಿ ಅವಳನ್ನು ಬೋರ್ಡಿಂಗಿನ ಗೇಟಿನ ಬಳಿ ನಿಲ್ಲಿಸಿ, ಬೆನ್ನು ತಿರುಗಿಸಿ ಹೊರಟುಹೋದಳು. ಅಂದಿನಿಂದ ಪ್ರತಿ ಭಾನುವಾರ ಆ ಹುಡುಗಿ ಗೇಟಿನ ಸರಳು ಹಿಡಿದು ರಸ್ತೆ ನೋಡುತ್ತ ನಿಂತಿರುತ್ತಿದ್ದಳು. ಊಟದ ಗಂಟೆ ಬಾರಿಸುವವರೆಗೆ ಕಾಯುತ್ತಿದ್ದಳು. ತಾಯಿ ಬರಲೇ ಇಲ್ಲ.

ಭಾನುವಾರ ಇತ್ತು, ಗೇಟು ಇತ್ತು, ಸರಳೂ ಗಂಟೆಯೂ ಇತ್ತು. ನಾನು ಹೇಳಿದ್ದೆಲ್ಲವೂ ಇತ್ತು, ಅಮ್ಮ ಮಾತ್ರ ಇರಲಿಲ್ಲ. ಅಪ್ಪನ ಸುದ್ದಿಯೇ ಇಲ್ಲ! ಬಿಟ್ಟುಹೋದವನು ಆರಾಮವಾಗಿ ತಪ್ಪಿಸಿಕೊಂಡಿದ್ದ, ಒಂಬತ್ತು ವರ್ಷ ನಡೆದವಳ ತಲೆಯ ಮೇಲೆ ಅವನ ಪಾಪ ಬಂದು ಕೂತಿತ್ತು. ಮುಂದಿನ ಸಾಲಿನಲ್ಲಿ ಒಬ್ಬರು ಕರವಸ್ತ್ರ ತೆಗೆದರು.

“ಆ ಹುಡುಗಿ ಇವತ್ತು ನಮ್ಮ ನಡುವೆಯೇ ಇದ್ದಾಳೆ” ಎಂದು ದೊರೆಸಾನಿ ನನ್ನತ್ತ ಕೈ ತೋರಿಸಿದರು.

ಎಲ್ಲರೂ ತಿರುಗಿದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತೆ. ಅದು ಸುಳ್ಳು ಎಂದು ಹೇಳಲು ಎದ್ದೆ ಎಂದು ಬರೆಯಲು ನನಗೆ ಆಸೆ. ಆದರೆ ಬೋರ್ಡಿಂಗಿನಲ್ಲಿ ನಮಗೆ ಕಲಿಸಿದ್ದು ಒಂದೇ, ಕೊಡುವವರು ನಮ್ಮನ್ನು ನೋಡಿದರೆ ಎದ್ದು ನಿಂತು ಕೈಮುಗಿಯಬೇಕು, ಮುಖದಲ್ಲಿ ನಗು ಇರಬೇಕು. ನನಗೆ ಮೂವತ್ತು ದಾಟಿತ್ತು, ಸ್ವಂತ ಸಂಬಳ ಇತ್ತು, ಆದರೂ ಕೈಗಳು ತಾವಾಗಿಯೇ ಜೋಡಿಕೊಂಡವು. ನಗುವೂ ಬಂತು. ಆಮೇಲೆ ಒಬ್ಬೊಬ್ಬರೇ ಬಂದು ಕೈ ಕುಲುಕಿದರು, ಬೆನ್ನು ಸವರಿದರು. ಯಾರೋ ತಟ್ಟೆ ಕೊಟ್ಟರು. ಎರಡು ತುಂಡು ನಿಂಬೆ ಕೇಕ್ ತಿಂದೆ.

ಹಿಂದಿನ ಕುರ್ಚಿಯಲ್ಲಿ ಕೂತು ನನ್ನ ಗಂಡನೂ ಎಲ್ಲ ಕೇಳಿದ್ದರು. ಪಿಕಪ್ ಗಾಡಿಯಲ್ಲಿ ಮನೆಗೆ ಬರುವಾಗ, “ಅತ್ತೆ ಸತ್ತರು ಅಂತ ಹೇಳಲಿಲ್ಲವಲ್ಲ, ಅದೇ ಪುಣ್ಯ” ಎಂದರು. ನಾನು ದಾರಿಯುದ್ದಕ್ಕೂ ಅಳುತ್ತಲೇ ಇದ್ದೆ.

ಮುಂದಿನ ವಾರ ಧೈರ್ಯ ಕಟ್ಟಿಕೊಂಡು ಅವಾಲಿಗೆ ಹೋದೆ. ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಹತ್ತು ಸಲ ಉರು ಹೊಡೆದಿದ್ದೆ. ಅದೇ ಅಡುಗೆಮನೆ, ಅದೇ ಕುರ್ಚಿ.

“ಮೇಡಂ, ಬಿಟ್ಟುಹೋದದ್ದು ಅಪ್ಪ. ಅಮ್ಮ ಅಲ್ಲ. ನಾನು ನಿಮಗೆ ಹೇಳಿದ್ದೆ.”

“ಹೇಳಿದ್ದೆ, ನನಗೆ ನೆನಪಿದೆ” ಎಂದರು ಅವರು, ಸ್ವಲ್ಪವೂ ತಡವರಿಸದೆ. “ಆದರೆ ನೋಡು, ಪ್ರತಿ ವಾರ ತಾಯಿ ತಿಂಡಿ ಹಿಡಿದುಕೊಂಡು ಬರುವ ಮಗುವಿಗೆ ಸಹಾಯ ಮಾಡಬೇಕೆಂದು ಯಾರಿಗೆ ಅನಿಸುತ್ತದೆ? ನಿನ್ನ ಹೆಸರನ್ನು ನಾವು ಹಾಕಿಲ್ಲ. ಯಾರಿಗೂ ನೋವಾಗುವುದಿಲ್ಲ. ಮೊನ್ನೆ ಒಂದೇ ದಿನ ಎಷ್ಟು ಜನ ಮುಂದೆ ಬಂದರು ಗೊತ್ತಾ? ಆ ಮಕ್ಕಳೆಲ್ಲ ಇನ್ನು ಹೊಟ್ಟೆತುಂಬ ಊಟ ಮಾಡುತ್ತಾರೆ. ಅದು ನಿನ್ನಿಂದ.”

ಹೊಟ್ಟೆಗಿಲ್ಲದ ಮಕ್ಕಳನ್ನು ಎದುರು ತಂದು ನಿಲ್ಲಿಸಿದರೆ ನನ್ನಂಥವಳ ಬಾಯಿ ಕಟ್ಟಿಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಉರು ಹೊಡೆದದ್ದೆಲ್ಲ ಮರೆತುಹೋಯಿತು. “ನನ್ನ ಫೋಟೋ ಕೊಡಿ” ಎಂದಷ್ಟೇ ಅಂದೆ.

ಒಳಗೆ ಹೋಗಿ ತಂದರು. ಬೆಳ್ಳಿ ಬಣ್ಣದ ಚೆಂದದ ಚೌಕಟ್ಟು ಹಾಕಿಸಿದ್ದರು, ನನಗೆ ಉಡುಗೊರೆಯಂತೆ. ಫೋಟೋ ಮೊದಲಿಗಿಂತ ಸಪೂರವಾಗಿತ್ತು. ಅಚ್ಚಿನವನಿಗೆ ಕೊಡುವ ಮೊದಲು ನನ್ನ ಎಡಗಡೆಯನ್ನು ಕತ್ತರಿಯಿಂದ ನೆಟ್ಟಗೆ ಕತ್ತರಿಸಿದ್ದರು. ನನ್ನ ಹೆಗಲೂ ಅರ್ಧ ಹೋಗಿತ್ತು.

“ಆ ತುಂಡು ಎಲ್ಲಿದೆ?”

“ಯಾವ ತುಂಡು?”

“ಕೈ ಇದ್ದದ್ದು.”

ಅವರು ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಂಡರು. “ಓ, ಅದಾ. ಪಕ್ಕದಲ್ಲಿ ಯಾರದೋ ಕೈ ಬಂದುಬಿಟ್ಟಿತ್ತಲ್ಲ. ಬಿಸಾಡಿರಬೇಕು.”

ಅಮ್ಮನ ಕೈ ಎಂದು ಹೇಳಿದಾಗ ಅತ್ತವರು ಇವರೇ. ಒಂದೆರಡು ತಿಂಗಳಿನಲ್ಲಿ ಅದು ಯಾರದೋ ಕೈಯಾಗಿಹೋಯಿತು. ಅವರ ಮುಖಕ್ಕೆ ಆ ಚೌಕಟ್ಟು ಎಸೆದು ಬರಬೇಕಿತ್ತು. ನಾನು ಏನು ಮಾಡಿದೆ? ಥ್ಯಾಂಕ್ ಯೂ ಮೇಡಂ ಎಂದು ಹೇಳಿ ಬಂದೆ. ಆ ಥ್ಯಾಂಕ್ ಯೂ ನೆನೆದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಅವರ ಟೈಪಿಂಗ್ ಕೆಲಸ ಬಿಟ್ಟೆ. ಬೆನ್ನುನೋವು ಎಂದು ನೆಪ ಹೇಳಿದೆ, ಅದನ್ನೂ ನೇರವಾಗಿ ಹೇಳಲಾಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನುಂಗಿಕೊಂಡು ಇರುತ್ತಿದ್ದೆನೋ ಏನೋ.

ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಹಾಗಾಗಿ ನಮ್ಮ ನಡುವೆ ಕ್ಯಾಸೆಟ್ಟು ಓಡಾಡುತ್ತಿತ್ತು. ಗಲ್ಫಿನ ಎಷ್ಟೋ ಮನೆಗಳಲ್ಲಿ ಆಗ ಹಾಗೆಯೇ. ನಾವು ಕಳಿಸಿದ ಟೇಪ್‌ರೆಕಾರ್ಡರಿನ ಮುಂದೆ ಅಮ್ಮ ಕೂತು ತುಳುವಿನಲ್ಲಿ ಮಾತಾಡುತ್ತಿದ್ದಳು, ಪಕ್ಕದ ಮನೆಯ ಹುಡುಗಿ ಗುಂಡಿ ಒತ್ತುತ್ತಿದ್ದಳು. ಊರಿನಿಂದ ಬರುವವರು ಯಾರಾದರೂ ತಂದುಕೊಡುತ್ತಿದ್ದರು. ಕೆಲವು ತಿಂಗಳ ನಂತರದ ಒಂದು ಕ್ಯಾಸೆಟ್ಟನ್ನು ತಂದದ್ದು ನಮ್ಮ ಬೀದಿಯ ಕೋಲ್ಡ್ ಸ್ಟೋರಿನ ಬ್ಯಾರಿ, ನಮ್ಮೂರ ಕಡೆಯ ಮುಸಲ್ಮಾನ. ಬಹರೈನಿನಲ್ಲಿ ಹಾಲು, ಬ್ರೆಡ್ಡು, ಬೀಡಿ ಎಲ್ಲ ಸಿಗುವ ಮೂಲೆಯಂಗಡಿಗೆ ಕೋಲ್ಡ್ ಸ್ಟೋರ್ ಎಂದು ಹೆಸರು. ರಜೆ ಮುಗಿಸಿ ಬಂದವನು, “ಅಕ್ಕಾ, ನಿಮ್ಮ ಅಮ್ಮ ಇದನ್ನು ನಿಮ್ಮ ಕೈಗೇ ಕೊಡಬೇಕು ಅಂತ ಮೂರು ಸಲ ಹೇಳಿದ್ದಾರೆ ಮಾರಾಯ್ರೆ” ಎಂದು ಕೊಟ್ಟ.

ಮಧ್ಯಾಹ್ನ ಒಬ್ಬಳೇ ಇದ್ದೆ. ಎ.ಸಿ. ಸದ್ದಿನಲ್ಲಿ ಅಮ್ಮನ ಮಾತು ಕೇಳಿಸುವುದಿಲ್ಲವೆಂದು ಅದನ್ನು ಆರಿಸಿ, ಬೆವರುತ್ತ ಕೇಳಿದೆ. ಮೊದಲು ಯಾವಾಗಲೂ ಇರುವ ಸುದ್ದಿ. ಕೋಳಿ ಮೊಟ್ಟೆ ಇಟ್ಟದ್ದು, ಬಾವಿಯ ನೀರು ಇಳಿದದ್ದು. ಆಮೇಲೆ ಹುಡುಗಿಗೆ, “ನೀನು ಸ್ವಲ್ಪ ಹೊರಗೆ ಹೋಗು ಮಗಾ” ಎಂದದ್ದು ಕೇಳಿಸಿತು.

“ಇಗರ್ಜಿಯಲ್ಲಿ ಬೆಳೆಹಬ್ಬದ ದಿವಸ ಅಯ್ಯನವರು ಒಂದು ಕಾಗದ ಓದಿದರು. ಹೊಸ ಅಯ್ಯನವರು, ನಮ್ಮ ಸಂಗತಿ ಅವರಿಗೆ ಎಂತ ಗೊತ್ತು. ಎಲ್ಲಿಂದಲೋ ಕನ್ನಡದಲ್ಲಿ ಅಚ್ಚು ಹಾಕಿಸಿ ಬಂದದ್ದಂತೆ. ನಮ್ಮ ಸಭೆಯ ಮಗಳು ಬಹರೈನಿನಲ್ಲಿ ದೇವರ ದಯೆಗೆ ಸಾಕ್ಷಿ ಕೊಟ್ಟಿದ್ದಾಳೆ ಅಂತ ಬಹಳ ಖುಷಿಯಿಂದ ಓದಿದರು. ಹೆಂಗಸರೆಲ್ಲ ನನ್ನನ್ನೇ ನೋಡಿದರು ಮಗಾ.”

ಸಂಸ್ಥೆಯ ಇಂಡಿಯಾ ಕಚೇರಿಯವರು ಆ ಪತ್ರಿಕೆಯನ್ನು ಕನ್ನಡಕ್ಕೆ ಮಾಡಿ ಸಭೆಗಳಿಗೆಲ್ಲ ಹಂಚಿದ್ದರು. ಹೆಸರಿಲ್ಲದಿದ್ದರೇನು, ಫೋಟೋ ಇತ್ತು. ಆ ಬೋರ್ಡಿಂಗಿನಲ್ಲಿ ಕಲಿತು ಬಹರೈನಿಗೆ ಹೋದವಳು ನಮ್ಮ ಸಭೆಯಲ್ಲಿ ನಾನೊಬ್ಬಳೇ. ಹೊಗಳಿಕೆ ಎಂದುಕೊಂಡು ಆ ಪುಣ್ಯಾತ್ಮ ಅಯ್ಯನವರು ನನ್ನ ಅಮ್ಮನನ್ನು ಇಡೀ ಸಭೆಯ ಎದುರು ಮಗಳನ್ನು ಬಿಟ್ಟುಹೋದವಳು ಮಾಡಿದ್ದರು.

ಟೇಪಿನಲ್ಲಿ ಅಮ್ಮ ಕಾಗದ ಬಿಡಿಸುವ ಸದ್ದು ಕೇಳಿಸಿತು.

“ಆ ಕಾಗದ ನಾನು ಕೇಳಿ ತೆಕ್ಕೊಂಡು ಬಂದೆ. ಅದರಲ್ಲಿ ನಿನ್ನ ಫೋಟೋ ಉಂಟು. ನನ್ನ ಕೈ ಇಲ್ಲ. ನಾನು ಕೈ ಇಟ್ಟಿದ್ದೆನಲ್ಲ, ನೀನು ಅಳ್ತೀ ಅಂತ. ಇರಲಿ. ದೊಡ್ಡವರು ಬರೆದದ್ದು. ನನಗೆ ಒಂದೇ ಒಂದು ಹೇಳು ಮಗಾ. ಅದನ್ನು ಅಲ್ಲಿ ಓದುವಾಗ ನೀನು ಇದ್ದೆಯಾ?”

ಅಷ್ಟೇ. ಅದರ ನಂತರ ಕ್ಯಾಸೆಟ್ಟು ಖಾಲಿ.

ಉತ್ತರ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಕೆಲಸದಿಂದ ಬಂದು ಗುಂಡಿ ಒತ್ತುವುದು, ಮಾತಾಡುವುದು, ಅಳಿಸುವುದು. ಇದ್ದೆ ಅಮ್ಮ, ಎದ್ದು ನಿಂತು ಕೈಮುಗಿದೆ ಎಂದು ಒಮ್ಮೆ ಹೇಳಿಯೂ ಹೇಳಿದೆ. ತಿರುಗಿಸಿ ಕೇಳಿ ಅಳಿಸಿಬಿಟ್ಟೆ. ಕೊನೆಗೆ ಕಳಿಸಿದ್ದು ಇದು. “ಇರಲಿಲ್ಲ ಅಮ್ಮ. ನನಗೆ ಗೊತ್ತೇ ಇಲ್ಲ. ಆ ದೊರೆಸಾನಿ ನನ್ನ ಬೆನ್ನ ಹಿಂದೆ ಮಾಡಿದ ಕೆಲಸ. ನಾನು ಇದ್ದಿದ್ದರೆ ಬಿಡುತ್ತಿದ್ದೆನಾ?”

ಮುಂದಿನ ಕ್ಯಾಸೆಟ್ಟಿನಲ್ಲಿ ಅಮ್ಮನ ದನಿ ಬೇರೆಯೇ ಇತ್ತು. ನಾನು ಚಿಕ್ಕವಳಿದ್ದಾಗ ಪರೀಕ್ಷೆ ಪಾಸಾದೆನೆಂದು ಹೇಳಿದರೆ ಬರುತ್ತಿದ್ದ ದನಿ. ಅಯ್ಯನವರನ್ನು ಅವಳು ಇಗರ್ಜಿಯ ಮೆಟ್ಟಿಲಿನಲ್ಲೇ ಹಿಡಿದು ನಿಲ್ಲಿಸಿದ್ದಳಂತೆ, ಜನ ಎಲ್ಲ ಹೊರಗೆ ಬರುತ್ತಿರುವಾಗ, ಎಲ್ಲರಿಗೂ ಕೇಳಿಸಲಿ ಎಂದು. ಅವರು ಪಾಪ ಬಹಳ ನೊಂದುಕೊಂಡು ಕ್ಷಮೆ ಕೇಳಿದರಂತೆ. ತಾನು ಏನು ಹೇಳಿದೆನೆಂದು ಅಮ್ಮ ನನಗೂ ಇನ್ನೊಮ್ಮೆ, ಅದೇ ಗತ್ತಿನಲ್ಲಿ, ಟೇಪಿಗೆ ಹೇಳಿದ್ದಾಳೆ.

“ನಾನು ಅವರಿಗೆ ಹೇಳಿದೆ ಮಗಾ, ನನ್ನ ಮಗಳು ಅಲ್ಲಿ ಇರಲಿಲ್ಲ. ಇದ್ದಿದ್ದರೆ ಅಷ್ಟು ಜನರ ನಡುವೆ ಎದ್ದು ನಿಲ್ಲುತ್ತಿದ್ದಳು.”

ಎದ್ದು ನಿಂತಿದ್ದೆ. ಕೈಮುಗಿದುಕೊಂಡು.